ಡುಂಡುಭದ ಪ್ರಶ್ನೆ, ಆಸ್ತೀಕನ ಪ್ರಶ್ನೆ: ಭಯೋತ್ಪಾದಕ ದಾಳಿಯ ನಂತರದ ಪ್ರತೀಕಾರ ಮತ್ತು ಪೂರ್ವಗ್ರಹಗಳನ್ನು ಕುರಿತು

1. ಪ್ರವೇಶ

2001ರ ಸೆಪ್ಟೆಂಬರ್ 11ರಂದು ಅಮೆರಿಕದ ನ್ಯೂಯಾರ್ಕ್, ವರ್ಜೀನಿಯಾ ಮತ್ತು ಪೆನ್ಸಿಲ್ವೇನಿಯಾಗಳಲ್ಲಿ ನಡೆದ ದಾಳಿಯಲ್ಲಿ, ದಾಳಿಕೋರರಾದ 19 ಮಂದಿಯನ್ನು ಹೊರತುಪಡಿಸಿ, 2,977 ಜನರು ಸತ್ತರು. ಇದಾದ ನಾಲ್ಕನೆಯ ದಿನ, ಸೆಪ್ಟೆಂಬರ್ 15ರಂದು, ಅರಿಜೋನಾ ರಾಜ್ಯದ ಮೀಸಾ ನಗರದಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿದ್ದ ಪಂಜಾಬ್ ಮೂಲದ ಬಲ್ಬೀರ್ ಸಿಂಗ್ ಸೋಧಿ ಎಂಬವರನ್ನು ಒಬ್ಬಾತ ಗುಂಡಿಟ್ಟು ಕೊಂದ. ಆ ಹೊತ್ತಿನಲ್ಲಿ ಅವರು ಬಂಕಿನ ಮುಂದಿನ ಹೂಗಿಡಗಳ ಕೆಲಸದಲ್ಲಿ ತೊಡಗಿದ್ದರು. ಕೊಂದವನ ಕಣ್ಣಿಗೆ ಬಿದ್ದದ್ದು ಅವರ ಮುಂಡಾಸು ಮತ್ತು ಗಡ್ಡ ಮಾತ್ರ. ಒಂದು ದೇಶದ ದುಃಖವು ಸೇಡಾಗಿ ಮಾರ್ಪಡುವಾಗ ತನ್ನ ಗುರಿಯನ್ನು ಹೇಗೆ ಆರಿಸಿಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಈ ಒಂದು ಘಟನೆ ನಮ್ಮ ಮುಂದೆ ಇಡುತ್ತದೆ.

ರಾಷ್ಟ್ರೀಯ ಪ್ರತೀಕಾರದ ನೈತಿಕತೆಯನ್ನು ರಾಜ್ಯಶಾಸ್ತ್ರವೂ ಅಂತರರಾಷ್ಟ್ರೀಯ ಕಾನೂನೂ ವಿಸ್ತಾರವಾಗಿ ಚರ್ಚಿಸಿವೆ. ಜಾನಪದ ಅಧ್ಯಯನಕ್ಕೆ ಇಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಬಹುದು. ಸೇಡು ಮೊದಲು ಕಥೆಯಾಗಿ ಹುಟ್ಟುತ್ತದೆ, ಆಮೇಲೆ ಕೃತ್ಯವಾಗುತ್ತದೆ. ಯಾರು ನಮ್ಮವರು, ಯಾರು ಅನ್ಯರು, ಯಾರಿಗೆ ಏನು ಮೊದಲೇ ಗೊತ್ತಿತ್ತು ಎಂಬ ಕಥನಗಳು ಬಾಯಿಂದ ಬಾಯಿಗೆ ಹರಿದಾಡಿದ ಮೇಲೆಯೇ ಕೈಗಳು ಕಲ್ಲನ್ನೋ ಬಂದೂಕನ್ನೋ ಎತ್ತಿಕೊಳ್ಳುತ್ತವೆ. ಕಥನದ ರಚನೆಯನ್ನು ಬಿಡಿಸಿ ನೋಡುವುದು ಜಾನಪದದ ಮೂಲ ಕಸುಬು. ಆದ್ದರಿಂದ ಪ್ರಸ್ತುತ ಪ್ರಬಂಧದಲ್ಲಿ ಎರಡು ಬಗೆಯ ಕಥನಗಳನ್ನು ಜೊತೆಗಿಟ್ಟು ವಿವೇಚಿಸಲಾಗಿದೆ: ಒಂದು, 2001ರ ದಾಳಿಯ ನಂತರ ಹಬ್ಬಿದ ವದಂತಿಗಳು ಮತ್ತು ಆ ದಾಳಿಗೆ ದೊರೆತ ಉತ್ತರ; ಇನ್ನೊಂದು, ಮಹಾಭಾರತದ ಆದಿಪರ್ವದಲ್ಲಿ ಬರುವ ಸರ್ಪಯಾಗದ ಕಥಾಸಮೂಹ.

ಈ ಹೋಲಿಕೆಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಮನುಷ್ಯರ ಒಂದು ಸಮುದಾಯವನ್ನು ಹಾವುಗಳಿಗೆ ಹೋಲಿಸುವುದೇ ಹಿಂಸೆಯ ಮೊದಲ ಮೆಟ್ಟಿಲು. 1994ರಲ್ಲಿ ರುವಾಂಡಾದ ಹತ್ಯಾಕಾಂಡದ ಕಾಲದಲ್ಲಿ ಟುಟ್ಸಿ ಜನರನ್ನು ಜಿರಳೆಗಳೆಂದೂ ಹಾವುಗಳೆಂದೂ ಕರೆಯಲಾಗಿತ್ತು. ಆದರೆ ಆದಿಪರ್ವದ ನಾಗರು ಕೇವಲ ವಿಷಜಂತುಗಳಲ್ಲ. ಅವರು ಮಾತನಾಡುತ್ತಾರೆ, ಮನುಷ್ಯರೊಡನೆ ಮದುವೆಯ ಸಂಬಂಧ ಬೆಳೆಸುತ್ತಾರೆ, ಅವರಿಗೆ ತಾಯಂದಿರಿದ್ದಾರೆ, ಅವರೂ ಅಳುತ್ತಾರೆ. ಹಾವೆಂದು ಕರೆದದ್ದಕ್ಕೆ ಮುಖವನ್ನೂ ಹೆಸರನ್ನೂ ಕೊಡುವುದು ಈ ಕಥನದ ವಿಶೇಷ. ಹೋಲಿಕೆಯನ್ನು ಇಲ್ಲಿ ಆ ಅರ್ಥದಲ್ಲಿ ಮಾತ್ರ ಬಳಸಲಾಗಿದೆ.

2. ಸರ್ಪಯಾಗದ ಹೊಸ್ತಿಲಿನ ಕಥೆಗಳು

ಕುಮಾರವ್ಯಾಸನ ಭಾರತವನ್ನು ಗಮಕಿಗಳ ಬಾಯಲ್ಲಿ ಕೇಳಿದ ಪ್ರತಿಯೊಬ್ಬ ಕನ್ನಡಿಗನಿಗೂ ಆ ಕಥೆಯನ್ನು ಜನಮೇಜಯನನ್ನು ಸಂಬೋಧಿಸಿ ಹೇಳಲಾಗುತ್ತಿದೆ ಎಂಬುದು ಗೊತ್ತು. ಆ ರಾಜ ಕಥೆ ಕೇಳಲು ಕುಳಿತದ್ದು ಎಲ್ಲಿ ಎಂಬುದನ್ನು ಮಾತ್ರ ನಾವು ಸುಲಭವಾಗಿ ಮರೆಯುತ್ತೇವೆ. ವ್ಯಾಸಭಾರತದ ಪ್ರಕಾರ, ವೈಶಂಪಾಯನನು ಕುರುವಂಶದ ಕಥೆಯನ್ನು ಜನಮೇಜಯನಿಗೆ ಹೇಳಿದ್ದು ಸರ್ಪಯಾಗದ ಬಿಡುವಿನ ವೇಳೆಗಳಲ್ಲಿ. ಅಂದರೆ ಒಂದು ಸೇಡಿನ ಕ್ರಿಯೆಯ ನಡುನಡುವೆ, ಇನ್ನೊಂದು ಸೇಡಿನಿಂದ ಒಂದು ವಂಶವೇ ನಾಶವಾದ ಕಥೆಯನ್ನು ಅರಸ ಕೇಳುತ್ತಾನೆ. ಈ ಚೌಕಟ್ಟನ್ನು ಬರಿಯ ಪೀಠಿಕೆಯೆಂದು ಪಕ್ಕಕ್ಕಿಟ್ಟರೆ ಕೃತಿಯ ನೈತಿಕ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟಂತೆ.

ಯಾಗದ ಕಥೆಗೆ ಮುನ್ನ ಆದಿಪರ್ವ ಕೆಲವು ಸಣ್ಣ ಕಥೆಗಳನ್ನು ಹೇಳುತ್ತದೆ. ಮೊದಲನೆಯದು ಪೌಷ್ಯಪರ್ವದ ಸರಮೆಯ ಕಥೆ. ಜನಮೇಜಯನ ಯಜ್ಞವೊಂದರ ಬಳಿಗೆ ಬಂದ ನಾಯಿಮರಿಯನ್ನು ಅವನ ತಮ್ಮಂದಿರು ಹೊಡೆಯುತ್ತಾರೆ. ಮರಿ ಹವಿಸ್ಸನ್ನು ನೆಕ್ಕಿರಲಿಲ್ಲ, ಕಣ್ಣೆತ್ತಿಯೂ ನೋಡಿರಲಿಲ್ಲ. ದೇವಲೋಕದ ನಾಯಿಯಾದ ತಾಯಿ ಸರಮೆ ಬಂದು, ಏನೂ ತಪ್ಪು ಮಾಡದ ನನ್ನ ಮಗುವನ್ನು ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ಉತ್ತರ ಬರುವುದಿಲ್ಲ. ಕಾಣದ ಭಯವೊಂದು ನಿಮ್ಮನ್ನು ಹಿಡಿಯಲಿ ಎಂದು ಅವಳು ಶಪಿಸುತ್ತಾಳೆ. ನಿರಪರಾಧಿಗೆ ಕೊಟ್ಟ ಪೆಟ್ಟಿನ ಫಲ ಕಾಣದ ಭಯ ಎಂಬ ಈ ಆಶಯ ಇಡೀ ಕಥಾಸಮೂಹದ ಬೀಜವಾಗಿದೆ.

ಅದೇ ಪರ್ವದ ಇನ್ನೊಂದು ಕಥೆ ಉದಂಕನದು. ಗುರುಪತ್ನಿಗಾಗಿ ತಂದ ಕುಂಡಲಗಳನ್ನು ಭಿಕ್ಷುವಿನ ವೇಷದಲ್ಲಿ ಬಂದ ತಕ್ಷಕ ಕದ್ದೊಯ್ಯುತ್ತಾನೆ. ಉದಂಕ ನಾಗಲೋಕಕ್ಕೆ ಹೋಗಿ ಅವನ್ನು ಮರಳಿ ಪಡೆದು, ಸಕಾಲಕ್ಕೆ ಗುರುಪತ್ನಿಗೆ ಒಪ್ಪಿಸುತ್ತಾನೆ. ಆದರೂ ಅವನ ಸಿಟ್ಟು ಆರುವುದಿಲ್ಲ. ತಕ್ಷಶಿಲೆಯನ್ನು ಗೆದ್ದು ಮರಳಿದ್ದ ಜನಮೇಜಯನ ಬಳಿಗೆ ಹೋಗಿ, ನಿನ್ನ ತಂದೆಯನ್ನು ಕೊಂದವನು ತಕ್ಷಕ, ಸರ್ಪಯಾಗ ಮಾಡು ಎಂದು ಪ್ರಚೋದಿಸುತ್ತಾನೆ. ಅರಸನ ಪಿತೃಶೋಕ ನಿಜವಾದದ್ದು. ಆ ಶೋಕಕ್ಕೆ ಕಾರ್ಯಕ್ರಮವನ್ನು ಬರೆದುಕೊಟ್ಟವನು ಮಾತ್ರ ಬೇರೊಂದು ಹಳೆಯ ಲೆಕ್ಕವನ್ನು ಚುಕ್ತಾ ಮಾಡಬಯಸಿದವನು.

ಮೂರನೆಯದು ಪೌಲೋಮಪರ್ವದ ರುರುವಿನ ಕಥೆ. ಅವನಿಗೆ ನಿಶ್ಚಯವಾಗಿದ್ದ ಪ್ರಮದ್ವರೆ ಹಾವು ಕಚ್ಚಿ ಸಾಯುತ್ತಾಳೆ. ರುರು ತನ್ನ ಆಯುಸ್ಸಿನಲ್ಲಿ ಅರ್ಧವನ್ನು ಕೊಟ್ಟು ಅವಳನ್ನು ಬದುಕಿಸಿಕೊಂಡು ಮದುವೆಯಾಗುತ್ತಾನೆ. ಕಳೆದುಕೊಂಡದ್ದು ಮರಳಿ ಬಂದರೂ, ಕಂಡ ಹಾವನ್ನೆಲ್ಲ ಕೊಲ್ಲುವ ವ್ರತವನ್ನು ಅವನು ತೊಡುತ್ತಾನೆ. ಒಂದು ದಿನ ಮುದಿ ಡುಂಡುಭವೊಂದು ಎದುರಾಗುತ್ತದೆ. ಡುಂಡುಭವೆಂದರೆ ನಮ್ಮ ಹಳ್ಳಿಗಳಲ್ಲಿ ಒಳ್ಳೆಹಾವು, ನೀರುಹಾವು ಎನ್ನುವಂಥ ವಿಷವಿಲ್ಲದ ಜೀವಿ. ಕೋಲೆತ್ತಿದ ರುರುವಿಗೆ ಅದು ಹೇಳುವ ಮಾತಿನ ಸಾರ ಇಷ್ಟು: ನಿನಗೆ ನಾನೇನೂ ಮಾಡಿಲ್ಲ, ಮನುಷ್ಯರನ್ನು ಕಚ್ಚುವ ಹಾವುಗಳೇ ಬೇರೆ, ಅವುಗಳಿಗೆ ಬರುವ ಕಷ್ಟದಲ್ಲಿ ನಮಗೆ ಪಾಲಿದೆ, ಅವುಗಳ ಸುಖದಲ್ಲಿ ಪಾಲಿಲ್ಲ.

ಉದಂಕ ಮತ್ತು ರುರು ಇಬ್ಬರೂ ಕಳೆದುಕೊಂಡದ್ದನ್ನು ಮರಳಿ ಪಡೆದವರು ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಸೇಡು ನಷ್ಟವನ್ನು ತುಂಬಿಕೊಳ್ಳುವ ಪ್ರಯತ್ನ ಎಂಬ ಸಾಮಾನ್ಯ ಸಮರ್ಥನೆಯನ್ನು ಕಥನ ಇಲ್ಲಿ ಮೌನವಾಗಿ ಅಲ್ಲಗಳೆಯುತ್ತದೆ. ನಷ್ಟ ತುಂಬಿದ ಮೇಲೂ ಸೇಡು ಉಳಿಯುತ್ತದೆ. ಅದಕ್ಕೆ ಆಹಾರ ಬೇರೆಯೇ ಇದೆ.

3. ಕೃತಜ್ಞ ಅಪರಿಚಿತ: ಒಂದು ವದಂತಿಯ ಓದು

ಆ ಆಹಾರ ಯಾವುದು ಎಂಬುದನ್ನು ತಿಳಿಯಲು ವದಂತಿಗಳತ್ತ ನೋಡಬೇಕು. 2001ರ ದಾಳಿಯ ನಂತರದ ವಾರಗಳಲ್ಲಿ ಅಮೆರಿಕದಲ್ಲಿ ಒಂದು ಕಥೆ ಮಿಂಚಂಚೆಗಳ ಮೂಲಕವೂ ಬಾಯಿಮಾತಿನಲ್ಲೂ ವ್ಯಾಪಕವಾಗಿ ಹಬ್ಬಿತು. ಅದರ ಒಂದು ರೂಪದಲ್ಲಿ, ಅಂಗಡಿಯಲ್ಲಿ ಹಣ ಸಾಲದೆ ನಿಂತಿದ್ದ ಅರಬ್ ಚಹರೆಯ ಒಬ್ಬನಿಗೆ ಮಹಿಳೆಯೊಬ್ಬಳು ಚಿಲ್ಲರೆ ಕೊಟ್ಟು ನೆರವಾಗುತ್ತಾಳೆ. ಆತ ಹೊರಗೆ ಬಂದು, ನೀವು ಒಳ್ಳೆಯವರು, ಅಕ್ಟೋಬರ್ 31ರಂದು ಮಾಲ್‌ಗಳಿಗೆ ಹೋಗಬೇಡಿ ಎಂದು ಗುಟ್ಟಾಗಿ ಎಚ್ಚರಿಸುತ್ತಾನೆ. ಇನ್ನೊಂದು ರೂಪದಲ್ಲಿ ಅಫ್ಘಾನಿ ಗೆಳೆಯನೊಬ್ಬ ತನ್ನ ಪ್ರೇಯಸಿಗೆ ಪತ್ರದಲ್ಲಿ ಇದೇ ಎಚ್ಚರಿಕೆಯನ್ನು ಬರೆದಿಟ್ಟು ಮಾಯವಾಗಿದ್ದಾನೆ. ಎಫ್‌ಬಿಐ ಇದನ್ನು ಪರಿಶೀಲಿಸಿ ಆಧಾರವಿಲ್ಲವೆಂದು ತಿಳಿಸಿತು. ಅಕ್ಟೋಬರ್ 31 ಕಳೆಯಿತು, ಏನೂ ಆಗಲಿಲ್ಲ.

ಐತಿಹ್ಯಗಳ ಅಧ್ಯಯನಕಾರರಿಗೆ ಈ ಕಥೆ ಹೊಸದಲ್ಲ. ಮೊದಲನೆಯ ಮಹಾಯುದ್ಧದ ಕಾಲದ ಲಂಡನ್ನಿನಲ್ಲಿ ಉಪಕಾರ ಪಡೆದ ಜರ್ಮನ್ ಒಬ್ಬ, ಇಂಥ ತಿಂಗಳಲ್ಲಿ ಸುರಂಗ ರೈಲಿನಲ್ಲಿ ಓಡಾಡಬೇಡಿ ಎಂದು ಎಚ್ಚರಿಸಿದನಂತೆ. ಐರಿಷ್ ರಿಪಬ್ಲಿಕನ್ ಆರ್ಮಿ ಇಂಗ್ಲೆಂಡಿನಲ್ಲಿ ಬಾಂಬುಗಳನ್ನು ಸಿಡಿಸುತ್ತಿದ್ದ ದಶಕಗಳಲ್ಲಿ ಅದೇ ಕಥೆಯಲ್ಲಿ ಜರ್ಮನ್ ಹೋಗಿ ಐರಿಷ್ ಉಚ್ಚಾರಣೆಯ ಅಪರಿಚಿತ ಬಂದ. 2001ರಲ್ಲಿ ಅವನು ಅರಬ್ಬನಾದ. ಪಾತ್ರದ ಕುಲ ಬದಲಾಯಿತೇ ವಿನಾ ಕಥೆಯ ರಚನೆ ಬದಲಾಗಲಿಲ್ಲ. ಉಪಕೃತನಾದ ಪ್ರಾಣಿ ಅಥವಾ ಅಪರಿಚಿತ ಪ್ರತ್ಯುಪಕಾರ ಮಾಡುವ ಆಶಯ ನಮ್ಮ ಜನಪದ ಕಥೆಗಳಲ್ಲೂ ಧಾರಾಳವಾಗಿದೆ.

ಮೇಲ್ನೋಟಕ್ಕೆ ಇದು ಸೌಜನ್ಯದ ಕಥೆ. ಅನ್ಯನಲ್ಲೂ ಕೃತಜ್ಞತೆ ಇದೆ ಎಂದು ಅದು ಹೇಳುವಂತಿದೆ. ಆದರೆ ಕಥೆ ಏನನ್ನು ಹೇಳದೆಯೇ ನಂಬಿಸುತ್ತದೆ ಎಂಬುದನ್ನು ನೋಡಬೇಕು. ಅಂಗಡಿಯಲ್ಲಿ ಆಕಸ್ಮಿಕವಾಗಿ ಎದುರಾದ ಅರಬ್ಬನಿಗೂ ಮುಂದಿನ ದಾಳಿಯ ದಿನ ಮತ್ತು ಸ್ಥಳ ಗೊತ್ತಿದೆ. ಹಾಗಾದರೆ ಆ ಕುಲದ ಎಲ್ಲರಿಗೂ ಗೊತ್ತಿದೆ. ಕೆಟ್ಟವನು ದಾಳಿ ಮಾಡುತ್ತಾನೆ. ಒಳ್ಳೆಯವನು ತನಗೆ ಬೇಕಾದ ಒಬ್ಬರಿಗೆ ಮಾತ್ರ ಹೇಳಿ ಉಳಿದವರ ಸಾವಿಗೆ ಸುಮ್ಮನಿರುತ್ತಾನೆ. ಒಳ್ಳೆಯ ಅನ್ಯನನ್ನು ಸೃಷ್ಟಿಸುತ್ತಲೇ ಕಥೆ ಇಡೀ ಸಮುದಾಯವನ್ನು ಪಿತೂರಿಯ ಪಾಲುದಾರನನ್ನಾಗಿ ಮಾಡಿಬಿಡುತ್ತದೆ.

ಇದೇ ಅವಧಿಯಲ್ಲಿ ಬೇರೊಂದು ದಿಕ್ಕಿನಿಂದ ಹೊರಟ ವದಂತಿಯನ್ನು ಇದರ ಪಕ್ಕದಲ್ಲಿಡಬೇಕು. ವಿಶ್ವ ವಾಣಿಜ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ನಾಲ್ಕು ಸಾವಿರ ಯಹೂದಿಗಳು ಆ ದಿನ ಕೆಲಸಕ್ಕೆ ಬಂದಿರಲಿಲ್ಲ ಎಂಬ ಸುದ್ದಿಯನ್ನು 2001ರ ಸೆಪ್ಟೆಂಬರ್ 17ರಂದು ಲೆಬನಾನಿನ ಅಲ್-ಮನಾರ್ ವಾಹಿನಿ ಬಿತ್ತರಿಸಿತು. ಅದು ಶುದ್ಧ ಸುಳ್ಳು. ಸತ್ತವರಲ್ಲಿ ನೂರಾರು ಯಹೂದಿಗಳಿದ್ದರು. ಎರಡೂ ವದಂತಿಗಳು ಪರಸ್ಪರ ವೈರಿಗಳಂತೆ ಕಂಡರೂ ಅವುಗಳ ಬೆನ್ನೆಲುಬು ಒಂದೇ: ಅವರಿಗೆಲ್ಲ ಮೊದಲೇ ತಿಳಿದಿತ್ತು. ಪೂರ್ವಜ್ಞಾನದ ಈ ಆರೋಪವೇ ಸಾಮೂಹಿಕ ಅಪರಾಧದ ಕಲ್ಪನೆಗೆ ಬೇಕಾದ ಆಹಾರ. ಒಬ್ಬನ ಕೃತ್ಯವನ್ನು ಒಂದು ಕುಲದ ತಲೆಗೆ ಕಟ್ಟಬೇಕಾದರೆ, ಕುಲಕ್ಕೆಲ್ಲ ಒಂದೇ ಮನಸ್ಸಿದೆ ಎಂದು ಮೊದಲು ನಂಬಿಸಬೇಕಾಗುತ್ತದೆ. ಹಾವು ಹನ್ನೆರಡು ವರ್ಷ ದ್ವೇಷ ಸಾಧಿಸುತ್ತದೆ ಎಂಬ ನಮ್ಮ ಹಳ್ಳಿಗಳ ನಂಬಿಕೆಯ ತರ್ಕವೂ ಹೀಗೆಯೇ ಕೆಲಸ ಮಾಡುತ್ತದೆ. ನೆನಪಿಟ್ಟು ದ್ವೇಷ ಸಾಧಿಸುವುದು ಮನುಷ್ಯನ ಗುಣ. ಅದನ್ನು ಹಾವಿಗೆ ಆರೋಪಿಸಿದ ಮೇಲೆ ಕೋಲೆತ್ತುವುದು ಸುಲಭ.

4. ಡುಂಡುಭದ ಪ್ರಶ್ನೆ ಮತ್ತು ಅದರ ಮಿತಿ

ಮೀಸಾದ ಘಟನೆ ನಡೆದ ದಿನವೇ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಲ್ಲಿ ಪಾಕಿಸ್ತಾನ ಮೂಲದ ಅಂಗಡಿಯವರೊಬ್ಬರ ಕೊಲೆಯಾಯಿತು. ಅದೇ ಕೊಲೆಗಾರ ಸೆಪ್ಟೆಂಬರ್ 21ರಂದು ಬಾಂಗ್ಲಾದೇಶ ಮೂಲದ ರಯೀಸ್ ಭುಯ್ಯಾನ್ ಎಂಬವರ ಮುಖಕ್ಕೆ ಗುಂಡು ಹಾರಿಸಿದ. ಅವರು ಒಂದು ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡು ಬದುಕುಳಿದರು. ಅಕ್ಟೋಬರ್ 4ರಂದು ಡಲ್ಲಾಸ್ ಸಮೀಪದ ಮೆಸ್ಕೀಟ್‌ನ ಪೆಟ್ರೋಲ್ ಬಂಕಿನಲ್ಲಿದ್ದ ಗುಜರಾತಿ ಮೂಲದ ಹಿಂದೂ ಒಬ್ಬರನ್ನು ಅವನು ಕೊಂದ. ತಾನು ಅರಬ್ಬರ ಮೇಲೆ ದೇಶದ ಸೇಡು ತೀರಿಸುತ್ತಿದ್ದೇನೆ ಎಂಬುದು ಅವನ ವಾದವಾಗಿತ್ತು. ಮೀಸಾದವರನ್ನೂ ಸೇರಿಸಿದರೆ ಈ ನಾಲ್ವರಲ್ಲಿ ಒಬ್ಬರು ಸಿಖ್ಖರು, ಇಬ್ಬರು ದಕ್ಷಿಣ ಏಷ್ಯಾದ ಮುಸ್ಲಿಮರು, ಒಬ್ಬರು ಹಿಂದೂ. ಅರಬ್ಬರು ಒಬ್ಬರೂ ಇರಲಿಲ್ಲ. ಎಫ್‌ಬಿಐ ದಾಖಲೆಗಳ ಪ್ರಕಾರ ಅಮೆರಿಕದಲ್ಲಿ ಮುಸ್ಲಿಮರ ವಿರುದ್ಧದ ದ್ವೇಷಾಪರಾಧ ಪ್ರಕರಣಗಳು 2000ದಲ್ಲಿ 28 ಇದ್ದದ್ದು 2001ರಲ್ಲಿ 481ಕ್ಕೆ ಏರಿದವು.

ರುರುವಿನ ಕೋಲಿನ ಕೆಳಗೆ ಸಿಕ್ಕ ಡುಂಡುಭದ ಸ್ಥಿತಿಯೇ ಇದು. ಚಹರೆಯ ಹೋಲಿಕೆಯೊಂದೇ ಅಪರಾಧ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯಲ್ಲಿ ನಮ್ಮ ಜನ ಇಂಥ ಅವಿವೇಕವನ್ನು ಗೇಲಿ ಮಾಡಿದ್ದಾರೆ. ಆದರೆ ವಿಮರ್ಶೆ ಇಲ್ಲಿಗೇ ನಿಂತರೆ ಸಾಲದು. ಸೋಧಿಯವರ ಹತ್ಯೆಯನ್ನು ಅಂದು ಅನೇಕರು ತಪ್ಪು ಗುರುತಿನಿಂದಾದ ಕೊಲೆ ಎಂದು ವರ್ಣಿಸಿದರು. ಆ ಪದಪ್ರಯೋಗದಲ್ಲಿ ಒಂದು ಅಪಾಯ ಅಡಗಿದೆ. ಗುರುತು ತಪ್ಪಿತು ಎಂದರೆ, ಗುರುತು ಸರಿಯಾಗಿದ್ದರೆ ಆ ಕೊಲೆ ಸರಿಯಾಗುತ್ತಿತ್ತು ಎಂದಾಗುತ್ತದೆ. ಮುಂಡಾಸಿನ ಕೆಳಗೆ ಸಿಖ್ಖನ ಬದಲು ಮುಸ್ಲಿಮನೊಬ್ಬ ಇದ್ದಿದ್ದರೆ ಅವನೂ ತನ್ನ ಹೂಗಿಡಗಳನ್ನು ನೋಡಿಕೊಳ್ಳುತ್ತಿದ್ದ ನಿರಪರಾಧಿಯೇ ಆಗಿರುತ್ತಿದ್ದ.

ಡುಂಡುಭದ ಮಾತಿನ ಮಿತಿಯೂ ಇದೇ. ನಾನು ಆ ಹಾವಲ್ಲ ಎಂದು ಹೇಳಿ ಅದು ತನ್ನನ್ನು ಉಳಿಸಿಕೊಳ್ಳುತ್ತದೆ. ಆ ಹಾವುಗಳ ಗತಿ ಏನಾಗಬೇಕು ಎಂಬ ಪ್ರಶ್ನೆಯನ್ನು ಹಾಗೆಯೇ ಬಿಡುತ್ತದೆ. ಭಯದಲ್ಲಿರುವ ಜೀವಿ ಹೀಗೆ ಹೇಳಿದ್ದನ್ನು ಯಾರೂ ತಪ್ಪೆನ್ನಲಾರರು. ಆದರೆ ಒಂದು ಸಮಾಜ ತನ್ನ ನೀತಿಯನ್ನು ಇಷ್ಟರ ಮೇಲೆಯೇ ಕಟ್ಟಿಕೊಂಡರೆ, ಪ್ರತಿಯೊಂದು ಗುಂಪೂ ನಾವು ಅವರಲ್ಲ ಎಂದು ಪ್ರಮಾಣ ಮಾಡುತ್ತ, ಬೆರಳನ್ನು ಮತ್ತೊಂದು ಗುಂಪಿನತ್ತ ತಿರುಗಿಸುತ್ತ ಬದುಕಬೇಕಾಗುತ್ತದೆ. ಮಹಾಭಾರತ ಡುಂಡುಭದ ಕಥೆಗೇ ನಿಲ್ಲದೆ ಆಸ್ತೀಕನ ಕಥೆಗೆ ಮುಂದುವರಿದದ್ದು ಈ ಕಾರಣಕ್ಕಾಗಿ ಎಂದು ನನ್ನ ತಿಳಿವಳಿಕೆ.

5. ಯಾಗ ಮತ್ತು ಆಹುತಿ

ಪರೀಕ್ಷಿತನ ಸಾವಿನ ಕಥೆ ಸುಪರಿಚಿತ. ಮೌನವ್ರತದಲ್ಲಿದ್ದ ಶಮೀಕನ ಕೊರಳಿಗೆ ಅರಸ ಸತ್ತ ಹಾವನ್ನು ಹಾಕುತ್ತಾನೆ. ಶಮೀಕನ ಮಗ ಶೃಂಗಿ ಶಪಿಸುತ್ತಾನೆ. ತಂದೆ ಆ ಶಾಪವನ್ನು ಮೆಚ್ಚುವುದಿಲ್ಲ. ಕಂಬದ ಮೇಲಿನ ಕಾವಲಿನ ಅರಮನೆಯಲ್ಲಿ ಕುಳಿತ ಅರಸನ ಬಳಿಗೆ ತಕ್ಷಕ ತಪಸ್ವಿಗಳ ವೇಷದ ನಾಗರು ತಂದ ಹಣ್ಣಿನಲ್ಲಿ ಹುಳುವಾಗಿ ಬರುತ್ತಾನೆ. ತಕ್ಷಕ ಅಪರಾಧಿ ಎಂಬುದರಲ್ಲಿ ಕಥನಕ್ಕೆ ಸಂದೇಹವಿಲ್ಲ. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹಿಂದಿನ ಅನ್ಯಾಯಗಳ ಸರಣಿಯನ್ನು ತೋರಿಸುವುದರಿಂದ ಕೊಲೆ ಸಮರ್ಥನೀಯವಾಗುವುದಿಲ್ಲ. ಖಾಂಡವವನ್ನು ಸುಟ್ಟದ್ದು ನಿಜವಾದರೂ ಹಣ್ಣಿನೊಳಗಿನ ಹುಳು ಕೊಲೆಗಾರನೇ. 2001ರ ದಾಳಿಯೂ ಯಾವ ಪೂರ್ವಕಥೆಯಿಂದಲೂ ಸಮರ್ಥನೆ ಪಡೆಯಲಾರದ ಅಪರಾಧ.

ಆದರೆ ಜನಮೇಜಯ ಮಾಡಿದ್ದೇನು? ತಕ್ಷಕನನ್ನು ಹುಡುಕಿಸಲಿಲ್ಲ, ಹಾವೆಂಬ ಹೆಸರಿನ ಎಲ್ಲವನ್ನೂ ಬೆಂಕಿಗೆ ಕರೆದ. ಎಳೆಯವು, ಮುದಿಯವು, ಬಣ್ಣಬಣ್ಣದವು, ಒಂದನ್ನೊಂದು ಸುತ್ತಿಕೊಂಡು ತಂದೆತಾಯಿಗಳನ್ನು ಕೂಗುತ್ತ ಬಂದು ಬಿದ್ದವು. ತಕ್ಷಕ ಮಾತ್ರ ಯಾಗದ ಸುದ್ದಿ ತಿಳಿದೊಡನೆ ಇಂದ್ರನ ಮೊರೆಹೊಕ್ಕು ಅಲ್ಲಿ ಸುರಕ್ಷಿತನಾಗಿದ್ದ. ಅಂದು ಖಾಂಡವ ಸುಟ್ಟಾಗಲೂ ಅವನು ಅಲ್ಲಿರಲಿಲ್ಲ, ಕುರುಕ್ಷೇತ್ರಕ್ಕೆ ಹೋಗಿದ್ದ. ಬಲೆ ಎಷ್ಟು ವಿಶಾಲವಾಗುತ್ತದೋ ನಿಜವಾದ ಅಪರಾಧಿ ಅಷ್ಟು ಸುಲಭವಾಗಿ ಜಾರಿಕೊಳ್ಳುತ್ತಾನೆ ಎಂಬುದನ್ನು ಕಥನ ಎರಡು ಸಲ ಹೇಳಿದೆ.

ಆಧುನಿಕ ಇತಿಹಾಸದ ಕಡೆ ನೋಡೋಣ. 2001ರ ಸೆಪ್ಟೆಂಬರ್ 12ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ 1368ನೆಯ ನಿರ್ಣಯದಲ್ಲಿ ದಾಳಿಯನ್ನು ಖಂಡಿಸಿ, ಆತ್ಮರಕ್ಷಣೆಯ ಹಕ್ಕನ್ನು ಸ್ಮರಿಸಿತು. ಅಧ್ಯಕ್ಷ ಜಾರ್ಜ್ ಬುಷ್ ಸೆಪ್ಟೆಂಬರ್ 17ರಂದು ವಾಷಿಂಗ್ಟನ್ನಿನ ಇಸ್ಲಾಮಿಕ್ ಕೇಂದ್ರಕ್ಕೆ ಭೇಟಿ ಕೊಟ್ಟು, ಮುಸ್ಲಿಮರನ್ನು ಶತ್ರುಗಳಂತೆ ಕಾಣಬಾರದೆಂದು ಹೇಳಿದರು. ಇದು ಅವರಿಗೆ ಸಲ್ಲಬೇಕಾದ ಗೌರವ. ಆದರೆ ಅದೇ ಸರ್ಕಾರ 2002ರಲ್ಲಿ, ಬಹುಪಾಲು ಮುಸ್ಲಿಮರಿರುವ ದೇಶಗಳಿಂದ ಬಂದ ಗಂಡಸರು ಕಚೇರಿಗಳಿಗೆ ಬಂದು ಹೆಸರು, ಬೆರಳಚ್ಚು ನೋಂದಾಯಿಸಬೇಕೆಂಬ ವ್ಯವಸ್ಥೆಯನ್ನು ಜಾರಿಗೆ ತಂದಿತು. 80,000ಕ್ಕೂ ಹೆಚ್ಚು ಜನರು ಹೀಗೆ ನೋಂದಾಯಿಸಿಕೊಂಡರು. ಈ ವ್ಯವಸ್ಥೆಯನ್ನು 2011ರಲ್ಲಿ ನಿಲ್ಲಿಸಿ 2016ರಲ್ಲಿ ಪೂರ್ಣವಾಗಿ ರದ್ದು ಮಾಡಲಾಯಿತು. 2002ರ ಜನವರಿಯಲ್ಲಿ ತೆರೆದ ಗ್ವಾಂಟನಾಮೊ ಶಿಬಿರದಲ್ಲಿ ಒಟ್ಟು ಸುಮಾರು 780 ಜನರನ್ನು ಇರಿಸಲಾಗಿತ್ತು. ಅವರಲ್ಲಿ ಬಹುಪಾಲು ಜನರ ಮೇಲೆ ಆರೋಪಪಟ್ಟಿಯೇ ಸಲ್ಲಿಕೆಯಾಗಲಿಲ್ಲ. ಮಾತಿನಲ್ಲಿ ಡುಂಡುಭವನ್ನು ಬೇರ್ಪಡಿಸಿದ ಪ್ರಭುತ್ವವು ಆಡಳಿತದಲ್ಲಿ ಬೇರ್ಪಡಿಸಲಿಲ್ಲ.

2001ರ ಅಕ್ಟೋಬರ್ 7ರಂದು ಅಫ್ಘಾನಿಸ್ತಾನದ ಮೇಲೆ ಯುದ್ಧ ಆರಂಭವಾಯಿತು. ಒಸಾಮಾ ಬಿನ್ ಲಾಡೆನ್ ಹತನಾದದ್ದು 2011ರ ಮೇ 2ರಂದು, ಅದೂ ಆ ಯುದ್ಧದಲ್ಲಿ ಅಮೆರಿಕದ ಸಹಭಾಗಿ ಎನಿಸಿದ್ದ ಪಾಕಿಸ್ತಾನದ ಅಬೋಟಾಬಾದಿನಲ್ಲಿ. ಇನ್ನು 2003ರ ಇರಾಕ್ ಯುದ್ಧದ ವಿಷಯದಲ್ಲಿ, ದಾಳಿಯ ತನಿಖಾ ಆಯೋಗವೇ 2004ರಲ್ಲಿ, ಇರಾಕ್ ಮತ್ತು ಅಲ್ ಖೈದಾಗಳ ನಡುವೆ ಕಾರ್ಯಾಚರಣೆಯ ಸಹಕಾರವಿತ್ತು ಎಂಬುದಕ್ಕೆ ಸಾಕ್ಷ್ಯವಿಲ್ಲವೆಂದು ವರದಿ ಮಾಡಿತು. ಒಂದು ದುಃಖದ ನೆರಳಿನಲ್ಲಿ ಬೇರೊಂದು ಹಳೆಯ ಲೆಕ್ಕವನ್ನು ಮುಂದಿಡುವ ಉದಂಕರು ಎಲ್ಲ ಕಾಲದಲ್ಲೂ ಇರುತ್ತಾರೆ. ಅಫ್ಘಾನಿಸ್ತಾನದ ಯುದ್ಧ 2021ರ ಆಗಸ್ಟ್ 30ರಂದು ಅಮೆರಿಕದ ಸೇನೆ ಹಿಂದಿರುಗುವುದರೊಂದಿಗೆ ಮುಗಿಯಿತು. ಅದರ ಹಿಂದಿನ ದಿನ ಕಾಬೂಲಿನಲ್ಲಿ ನಡೆದ ಡ್ರೋನ್ ದಾಳಿಯಲ್ಲಿ ಏಳು ಮಕ್ಕಳು ಸೇರಿ ಹತ್ತು ಮಂದಿ ನಾಗರಿಕರು ಸತ್ತರು. ನೆರವು ಸಂಸ್ಥೆಯೊಂದರ ನೌಕರನ ಕಾರನ್ನು ಭಯೋತ್ಪಾದಕರ ಕಾರೆಂದು ಭಾವಿಸಲಾಗಿತ್ತು. ಅದು ತಪ್ಪಾಗಿತ್ತೆಂದು ಅಮೆರಿಕದ ಸೇನೆಯೇ ಮುಂದಿನ ತಿಂಗಳು ಒಪ್ಪಿಕೊಂಡಿತು. ಮೀಸಾದಲ್ಲಿ ಮುಂಡಾಸನ್ನು ಕಂಡು ಆರಂಭವಾದದ್ದು ಇಪ್ಪತ್ತು ವರ್ಷಗಳ ನಂತರ ಕಾಬೂಲಿನಲ್ಲಿ ಒಂದು ಕಾರನ್ನು ಕಂಡು ಕೊನೆಗೊಂಡಿತು. ಒಂದು ವ್ಯಕ್ತಿಯ ದ್ವೇಷ, ಇನ್ನೊಂದು ಸೇನೆಯ ತಪ್ಪು ತೀರ್ಮಾನ ಎಂಬ ವ್ಯತ್ಯಾಸವನ್ನು ಮರೆಯಬಾರದು. ಆದರೆ ದೂರದಿಂದ ಚಹರೆಯನ್ನೇ ಸಾಕ್ಷ್ಯವಾಗಿ ಓದುವ ಕ್ರಮ ಎರಡರಲ್ಲೂ ಒಂದೇ.

ಇಲ್ಲಿ ಆದಿಪರ್ವದ ಒಂದು ಅಂಶ ಉಲ್ಲೇಖನೀಯ. ಯಾಗದಲ್ಲಿ ಸತ್ತ ಹಾವುಗಳ ಹೆಸರುಗಳನ್ನು ಕಥನ ಕುಲವಾರು ಪಟ್ಟಿ ಮಾಡುತ್ತದೆ: ವಾಸುಕಿಯ ಕುಲದವರು, ತಕ್ಷಕನ ಕುಲದವರು, ಐರಾವತನ ಕುಲದವರು, ಕೌರವ್ಯನ ಕುಲದವರು, ಧೃತರಾಷ್ಟ್ರನೆಂಬ ನಾಗನ ಕುಲದವರು. ಓದುಗರು ಸಾಮಾನ್ಯವಾಗಿ ದಾಟಿಹೋಗುವ ಭಾಗವಿದು. ಆದರೆ ಶತ್ರುಪಕ್ಷದ ಸತ್ತವರನ್ನು ಹೆಸರು ಹಿಡಿದು ಕರೆಯುವ ಸಂಪ್ರದಾಯ ಸಣ್ಣದಲ್ಲ. ನ್ಯೂಯಾರ್ಕಿನಲ್ಲಿ 2011ರಲ್ಲಿ ತೆರೆದ ಸ್ಮಾರಕದ ಕಂಚಿನ ಫಲಕಗಳಲ್ಲಿ, 1993ರ ಬಾಂಬ್ ಸ್ಫೋಟದಲ್ಲಿ ಸತ್ತ ಆರು ಮಂದಿಯೂ ಸೇರಿ, 2,983 ಹೆಸರುಗಳಿವೆ. ಅದು ಆಗಬೇಕಾದ ಕೆಲಸವೇ. ಆದರೆ ಅಫ್ಘಾನಿಸ್ತಾನದಲ್ಲಿ ಆ ಇಪ್ಪತ್ತು ವರ್ಷಗಳಲ್ಲಿ ಎಲ್ಲ ಪಕ್ಷಗಳ ಕೈಯಿಂದ ಸತ್ತ ನಾಗರಿಕರ ಸಂಖ್ಯೆ 46,000ಕ್ಕೂ ಹೆಚ್ಚು ಎಂಬುದು ಬ್ರೌನ್ ವಿಶ್ವವಿದ್ಯಾಲಯದ ಅಧ್ಯಯನ ಯೋಜನೆಯೊಂದರ ಅಂದಾಜು. ಅವರು ನಮಗೆ ಅಂದಾಜಾಗಿ ಮಾತ್ರ ದೊರೆಯುತ್ತಾರೆ.

6. ಆಸ್ತೀಕನ ಪ್ರಶ್ನೆ

ಯಾಗವನ್ನು ನಿಲ್ಲಿಸುವ ಆಸ್ತೀಕನ ತಾಯಿ ನಾಗಕನ್ಯೆ, ತಂದೆ ಬ್ರಾಹ್ಮಣ ಋಷಿ ಜರತ್ಕಾರು. ಎರಡೂ ಕಡೆಯ ರಕ್ತ ಅವನಲ್ಲಿದೆ. ಅರಸ ಮೆಚ್ಚಿ ವರ ಕೇಳೆಂದಾಗ ಅವನು ಯಾಗ ನಿಲ್ಲಲಿ ಎನ್ನುತ್ತಾನೆ. ಚಿನ್ನ, ಬೆಳ್ಳಿ, ಗೋವುಗಳನ್ನು ಕೊಡುತ್ತೇನೆಂದರೂ ಒಪ್ಪುವುದಿಲ್ಲ. ಇಂದ್ರನೂ ಕೈಬಿಟ್ಟ ತಕ್ಷಕ ಆಕಾಶದಲ್ಲಿ ತೂಗಾಡುತ್ತಿರುವ ಕ್ಷಣದಲ್ಲಿಯೇ ಈ ಮಾತು ಬರುತ್ತದೆ. ಡುಂಡುಭ ನಾನು ಹಾವಲ್ಲ ಎಂದಿತ್ತು. ಆಸ್ತೀಕ ಹಾಗೆನ್ನುವುದಿಲ್ಲ. ಇವು ನನ್ನ ತಾಯಿಯ ಕುಲ ಎಂದು ಒಪ್ಪಿಕೊಂಡೇ ನಿಲ್ಲಿಸು ಎನ್ನುತ್ತಾನೆ. ಇವನು ಅವನೇ ಹೌದೋ ಅಲ್ಲವೋ ಎಂಬುದು ಮೊದಲನೆಯ ಪ್ರಶ್ನೆ. ಇವನು ಯಾರೇ ಆಗಿರಲಿ, ಇವನು ಮಾಡಿದ್ದೇನು ಎಂಬುದು ಎರಡನೆಯದು. ಸೇಡು ಹೆಸರನ್ನು ನೋಡುತ್ತದೆ. ಶಿಕ್ಷೆ ಕೃತ್ಯವನ್ನು ನೋಡುತ್ತದೆ. ಈ ಎರಡನೆಯ ಪ್ರಶ್ನೆಯನ್ನು ಕೇಳದ ಹೊರತು ರಾಷ್ಟ್ರವೊಂದು ಶಿಕ್ಷೆಯನ್ನು ಸೇಡಿನಿಂದ ಬೇರ್ಪಡಿಸಲಾರದು.

2001ರ ಸೆಪ್ಟೆಂಬರ್ 14ರಂದು ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಸೇನಾಬಲ ಬಳಸುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಡುವ ನಿರ್ಣಯ ಬಂದಾಗ 420 ಮತಗಳು ಪರವಾಗಿ ಬಿದ್ದವು, ಒಂದು ವಿರುದ್ಧ. ಆ ಒಂದು ಮತ ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರದು. ಅಪರಾಧಿಗಳನ್ನು ಶಿಕ್ಷಿಸಬಾರದೆಂದು ಅವರು ಹೇಳಿರಲಿಲ್ಲ. ಗುರಿಯೂ ಗಡುವೂ ಇಲ್ಲದ ಅಧಿಕಾರಕ್ಕೆ ಒಪ್ಪಲಿಲ್ಲ. ಅವರಿಗೆ ಕೊಲೆ ಬೆದರಿಕೆಗಳು ಬಂದವು, ಪೊಲೀಸ್ ರಕ್ಷಣೆ ಬೇಕಾಯಿತು. ರಯೀಸ್ ಭುಯ್ಯಾನ್ ತಮ್ಮ ಮುಖಕ್ಕೆ ಗುಂಡಿಟ್ಟವನ ಮರಣದಂಡನೆಯನ್ನು ತಡೆಯಲು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2011ರ ಜುಲೈ 20ರಂದು ಅವನಿಗೆ ಮರಣದಂಡನೆಯಾಯಿತು. ಇಬ್ಬರೂ ತಮ್ಮ ಗಳಿಗೆಯಲ್ಲಿ ಸೋತವರು. ಆಸ್ತೀಕನಿಗೆ ದೊರೆತ ಅರಸನ ವರ ಅವರಿಗೆ ದೊರೆಯಲಿಲ್ಲ.

ಅಮೆರಿಕದತ್ತ ಬೆರಳು ತೋರಿಸುವುದು ನಮಗೆ ಸುಲಭ. 1984ರ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರನ್ನು ಅವರ ಇಬ್ಬರು ಅಂಗರಕ್ಷಕರು ಕೊಂದರು. ಮುಂದಿನ ಕೆಲವೇ ದಿನಗಳಲ್ಲಿ, ಸರ್ಕಾರಿ ಲೆಕ್ಕದ ಪ್ರಕಾರವೇ, ದೆಹಲಿಯೊಂದರಲ್ಲಿ 2,733 ಸಿಖ್ಖರು ಹತರಾದರು. ಮೀಸಾದಲ್ಲಿ ಮುಂಡಾಸು ನೋಡಿ ಕೊಂದವನಿಗೆ ಅದರೊಳಗಿನವರು ಯಾರೆಂದು ತಿಳಿದಿರಲಿಲ್ಲ. ದೆಹಲಿಯಲ್ಲಿ ಕೊಂದವರಿಗೆ ಚೆನ್ನಾಗಿ ತಿಳಿದಿತ್ತು. ಗುರುತು ಸರಿಯಾಗಿಯೇ ಇತ್ತು, ಕೃತ್ಯ ಮಾತ್ರ ಬೇರೆಯವರದು. ಡುಂಡುಭದ ಪ್ರಶ್ನೆ ಸಾಲದೆನ್ನುವುದಕ್ಕೆ ನಮ್ಮ ನೆಲದ ಈ ಉದಾಹರಣೆಯೇ ಸಾಕು.

ಆಸ್ತೀಕನ ಕಥೆಗೂ ಒಂದು ಕೊರತೆಯಿದೆ. ಯಾಗ ನಿಂತಿತು, ಆದರೆ ತಕ್ಷಕನಿಗೆ ಶಿಕ್ಷೆಯಾಗಲಿಲ್ಲ. ಪ್ರಜೆಗಳ ಜೀವರಕ್ಷಣೆಯ ಹೊಣೆ ಹೊತ್ತ ಪ್ರಭುತ್ವಕ್ಕೆ ಇಷ್ಟೇ ಸಾಲದು ಎಂಬ ಆಕ್ಷೇಪ ನ್ಯಾಯವಾದದ್ದು. ಪುರಾಣದಲ್ಲಿ ಇಲ್ಲದ್ದು ಆಧುನಿಕ ಸಮಾಜದಲ್ಲಿದೆ, ಅದು ನ್ಯಾಯಾಲಯ. 2008ರ ನವೆಂಬರ್ 26ರಂದು ಆರಂಭವಾದ ಮುಂಬಯಿ ದಾಳಿಯಲ್ಲಿ 166 ಜನರು ಸತ್ತರು. ಜೀವಂತ ಸಿಕ್ಕ ಅಜ್ಮಲ್ ಕಸಬ್‌ನನ್ನು ಬಹಿರಂಗ ವಿಚಾರಣೆಗೆ ಒಳಪಡಿಸಿ, ಮೂರೂ ಹಂತದ ನ್ಯಾಯಾಲಯಗಳ ತೀರ್ಪಿನ ನಂತರ 2012ರ ನವೆಂಬರ್ 21ರಂದು ಗಲ್ಲಿಗೇರಿಸಲಾಯಿತು. ಮರಣದಂಡನೆಯ ಔಚಿತ್ಯ ಬೇರೆಯೇ ಚರ್ಚೆ. ಇಲ್ಲಿ ಮುಖ್ಯವಾದದ್ದು, ಅದೇ ಮೊಕದ್ದಮೆಯಲ್ಲಿ ಆರೋಪಿಗಳಾಗಿದ್ದ ಇಬ್ಬರು ಭಾರತೀಯ ಮುಸ್ಲಿಮರನ್ನು ಸಾಕ್ಷ್ಯ ಸಾಲದೆಂದು 2010ರಲ್ಲಿ ವಿಚಾರಣಾ ನ್ಯಾಯಾಲಯ ಬಿಡುಗಡೆ ಮಾಡಿತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ದೇಶದ ಕೋಪ ಕುದಿಯುತ್ತಿದ್ದ ಕಾಲದಲ್ಲಿ, ಇವನು ಮಾಡಿದ್ದೇನು ಎಂದು ಒಬ್ಬೊಬ್ಬನನ್ನೂ ಬೇರೆ ಬೇರೆಯಾಗಿ ನಿಲ್ಲಿಸಿ ಕೇಳಿದ ಪ್ರಶ್ನೆಯ ಫಲವದು. ಜನಮೇಜಯನ ಸಭೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

7. ಸಮಾರೋಪ

ನಮ್ಮ ನಾಡಿನ ಆಚರಣೆಗಳಲ್ಲಿ ಈ ವಿವೇಕದ ಕುರುಹುಗಳಿವೆ. ಕೊಲ್ಲಲ್ಪಟ್ಟ ನಾಗರಹಾವಿಗೆ ಮನುಷ್ಯರಿಗೆ ಮಾಡುವಂತೆ ಸಂಸ್ಕಾರ ಮಾಡುವ ರೂಢಿ ಕರ್ನಾಟಕದ ಹಲವೆಡೆ ಇದೆ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಸರ್ಪಸಂಸ್ಕಾರ ಇಂದಿಗೂ ನಡೆಯುತ್ತದೆ. ನಂಬಿಕೆಯ ವೈಜ್ಞಾನಿಕತೆ ಇಲ್ಲಿನ ವಿಷಯವಲ್ಲ. ಒಂದು ಜೀವವನ್ನು ಕೊಂದರೆ ಆ ಒಂದು ಜೀವಕ್ಕೆ ಲೆಕ್ಕ ಕೊಡಬೇಕು ಎಂಬ ಭಾವನೆ ಆ ಆಚರಣೆಯ ಒಡಲಲ್ಲಿದೆ. ಕೊಂದವನಿಗೆ ಕೊಂದದ್ದು ಮರೆತುಹೋಗದಂತೆ ಅದು ನೋಡಿಕೊಳ್ಳುತ್ತದೆ.

ಚಿಕ್ಕಮಗಳೂರಿಗೆ ಹೊಂದಿಕೊಂಡಿರುವ ಹಿರೇಮಗಳೂರಿನಲ್ಲಿ ಈಟಿಯ ಮೊನೆಯಂಥ ತುದಿಯುಳ್ಳ ಒಂದು ಕಲ್ಲಿನ ಕಂಬವಿದೆ. ಜನಮೇಜಯ ಸರ್ಪಯಾಗ ಮಾಡಿದ್ದು ಇಲ್ಲಿಯೇ, ಇದು ಆ ಯಾಗದ ಯೂಪಸ್ತಂಭ ಎಂಬುದು ಸ್ಥಳೀಯ ಐತಿಹ್ಯ. ಹಾವು ಕಚ್ಚಿದವರು ಅಲ್ಲಿನ ಕೊಳದಲ್ಲಿ ಮಿಂದು ಈ ಕಂಬವನ್ನು ಸುತ್ತಿದರೆ ವಿಷ ಇಳಿಯುತ್ತದೆ ಎಂಬ ನಂಬಿಕೆ ಹಳೆಯ ಮೈಸೂರು ಗೆಜೆಟಿಯರಿನ ಕಾಲದಿಂದಲೂ ದಾಖಲಾಗಿದೆ. ಹಾವುಗಳನ್ನು ಸುಟ್ಟ ಜಾಗವೆಂದು ಹೇಳುವ ಸ್ಥಳಕ್ಕೆ ಜನ ಹಾವುಗಳನ್ನು ಕೊಲ್ಲುವ ಶಕ್ತಿಯನ್ನು ಆರೋಪಿಸಿಲ್ಲ. ಕಚ್ಚಿಸಿಕೊಂಡವನನ್ನು ಉಳಿಸುವ ಶಕ್ತಿಯನ್ನು ಆರೋಪಿಸಿದ್ದಾರೆ. ಯಾಗದ ನೆನಪನ್ನು ಉಳಿಸಿಕೊಂಡೂ ಅದರ ಉದ್ದೇಶವನ್ನು ಬದಲಿಸಿದ ಈ ಜನಪದ ನಿರ್ವಚನವನ್ನು ನಮ್ಮ ಅಧ್ಯಯನಗಳು ಈವರೆಗೆ ಸ್ಥಳಪುರಾಣದ ಒಂದು ಸಾಲಾಗಿ ಮಾತ್ರ ನೋಡಿವೆ. ದಾಳಿಗೆ ತುತ್ತಾದ ಸಮಾಜವೊಂದು ತನ್ನ ಗಾಯವನ್ನು ಏನು ಮಾಡಬೇಕು ಎಂಬ ಪ್ರಶ್ನೆಯೊಡನೆ ಆ ಸಾಲನ್ನು ಮತ್ತೆ ಓದಬೇಕಾಗಿದೆ.